ಬಂಡೆಗೆ ಕಿವಿಯಿಟ್ಟ ಊರು

ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನ ತೆಗೆದ ಚಿತ್ರ ಯಾವ ಊರಿನದೆಂದು ತಿಳಿಯಲು ನದಿಯ ತಿರುವು, ರೈಲು ಹಳಿಗಳನ್ನು ಹುಡುಕುತ್ತಿದ್ದರು. 1963ರ ಒಪ್ಪಂದದ ನಂತರ ಅಮೆರಿಕ, ಸೋವಿಯತ್ ರಷ್ಯಾಗಳ ಅಣು ಪರೀಕ್ಷೆ ನೆಲದಡಿಗೆ ಇಳಿಯಿತು. ಕ್ಯಾಮೆರಾಕ್ಕೆ ಸಿಗದ ಸ್ಫೋಟ! ಅದರ ಜಾಡು ಹಿಡಿಯಲು ಆರಿಸಿಕೊಂಡ ಜಾಗಗಳಲ್ಲಿ ನಮ್ಮ ಗೌರಿಬಿದನೂರೂ ಒಂದು.

ದೊಡ್ಡಬಳ್ಳಾಪುರ ದಾಟಿ ಬರುವವರಿಗೆ ಇಲ್ಲಿ ಕಾಣುವುದು ಬಂಡೆಗುಡ್ಡ, ಮುಸುಕಿನ ಜೋಳದ ಹೊಲ, ಬಹುಪಾಲು ಮರಳೇ ಆಗಿರುವ ಉತ್ತರ ಪಿನಾಕಿನಿ. ಆ ಹಳೆಯ ಗಟ್ಟಿ ಬಂಡೆಯೇ ಇಲ್ಲಿಯ ಆಸ್ತಿ. ದೂರದ ಸಣ್ಣ ಅದುರೂ ಅದರಲ್ಲಿ ಸ್ಪಷ್ಟ. 1965ರಲ್ಲಿ ಟ್ರಾಂಬೆಯ ಅಣುಶಕ್ತಿ ಸಂಸ್ಥೆ ಬ್ರಿಟನ್ನಿನ ನೆರವಿನಿಂದ ಇಲ್ಲಿ ಭೂಕಂಪ ಮಾಪಕಗಳನ್ನು ನೆಟ್ಟಿತು. ಇಂಗ್ಲಿಷಿನ ಎಲ್ ಅಕ್ಷರದಂತೆ ಎರಡು ತೋಳು, ಒಂದೊಂದೂ ಸುಮಾರು 25 ಕಿ.ಮೀ.; ಒಟ್ಟು 20 ಮಾಪಕ. ಹೊಲದ ಬದುವಿನಲ್ಲಿ ನಡೆಯುವವರಿಗೆ ಅಕ್ಷರವೇನೂ ಕಾಣದು ಬಿಡಿ.

ದೂರದಿಂದ ಬಂದ ಅಲೆ ಒಂದು ಮಾಪಕವನ್ನು ಮೊದಲು, ಇನ್ನೊಂದನ್ನು ತುಸು ತಡವಾಗಿ ಮುಟ್ಟುತ್ತದೆ. ಆ ಅಂತರದಿಂದಲೇ ದಿಕ್ಕು, ದೂರಗಳ ಲೆಕ್ಕ. ಆದರೆ ಅದು ಬಾಂಬೋ, ಭೂಕಂಪವೋ? ತಪ್ಪಿದರೆ ನಿರಪರಾಧಿ ದೇಶದ ಮೇಲೆ ಆರೋಪ ಬರುತ್ತದೆ, ಇಲ್ಲವೇ ಕಳ್ಳ ಪರೀಕ್ಷೆ ದಕ್ಕಿಹೋಗುತ್ತದೆ. ಸ್ಫೋಟ ಸುತ್ತಲೂ ಹೊರಕ್ಕೇ ನೂಕುತ್ತದೆ. ಭೂಕಂಪದಲ್ಲಿ ಬಂಡೆ ಜಾರುವುದರಿಂದ ಒಂದು ಕಡೆ ನೂಕು, ಇನ್ನೊಂದು ಕಡೆ ಎಳೆತ. ಸ್ಫೋಟದಲ್ಲಿ ನೆಲದ ಮೇಲ್ಮೈಯಲ್ಲಿ ಸಾಗುವ ಅಲೆಯೂ ಸೊರಗಿರುತ್ತದೆ.

ರಸ್ತೆಯ ಲಾರಿಯೂ ನೆಲ ಅದುರಿಸುತ್ತದಲ್ಲ? ಅದು ಹತ್ತಿರದ ಒಂದೆರಡು ಮಾಪಕಕ್ಕಷ್ಟೇ. ಇಪ್ಪತ್ತೂ ಗೆರೆಗಳನ್ನು ಹೊಂದಿಸಿ ಕೂಡಿದರೆ ಮಸುಕಾಗುತ್ತದೆ. 1998ರ ಮೇ 28ರಂದು ಪಾಕಿಸ್ತಾನ ಚಾಗೈ ಜಿಲ್ಲೆಯ ರಾಸ್ ಕೋಹ್ ಬೆಟ್ಟದಲ್ಲಿ ನಡೆಸಿದ ಸ್ಫೋಟದ ಅಲೆ ಮಸುಕಾಗಲಿಲ್ಲ. ಗೌರಿಬಿದನೂರಿನ ಬಂಡೆಯವರೆಗೂ ಬಂತು.