ಪರಸಿ ನಾಡಿನಲ್ಲಿ ಉಪ್ಪುನೀರು

ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ಸುಣ್ಣಗಲ್ಲು ಒಂದು ಕಾಲದ ಕಡಲ ತಳದ ಕೆಸರು. ನೆಲಕ್ಕೆ ಹಾಸುವ ಶಹಾಬಾದ್ ಪರಸಿಯೂ ಅದೇ, ವಾಡಿಯ ಸಿಮೆಂಟಿನ ಮೂಲವೂ ಅದೇ. ಹವಳಗಳಿನ್ನೂ ಹುಟ್ಟಿರದ ಕಡಲದು! ಈಗ ಇಲ್ಲಿ ಸಮುದ್ರ ಬೇಕೆಂದರೆ ಗಾಜಿನ ತೊಟ್ಟಿಯಲ್ಲೇ ಕಲಸಿಕೊಳ್ಳಬೇಕು: ಲೀಟರಿಗೆ ಸುಮಾರು 35 ಗ್ರಾಂ ಅಕ್ವೇರಿಯಂ ಉಪ್ಪು.

ಕಲಸುವುದು ಸುಲಭ, ಚೊಕ್ಕಟವಾಗಿಡುವುದೇ ಕಷ್ಟ. ಮೀನಿನ ಹೊಲಸು, ಉಳಿದ ಆಹಾರ ಕೊಳೆತು ನೈಟ್ರೇಟ್, ಫಾಸ್ಫೇಟ್ ಏರುತ್ತವೆ. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿ 1980ರ ಸುಮಾರಿಗೆ ಇವನ್ನು ಹೀರಲು ಪಾಚಿಯನ್ನೇ ದುಡಿಸಿಕೊಂಡರು. ಅಂಥ ಪಾಚಿ ಶೋಧಕವನ್ನು ಮನೆಯಲ್ಲಿ ಮಾಡಲು ಪ್ಲಾಸ್ಟಿಕ್ ಜಾಲರಿ, ಉದ್ದಕ್ಕೆ ಸೀಳಿದ ಪಿವಿಸಿ ಪೈಪು, ಸಣ್ಣ ಪಂಪು, ಎಲ್‌ಇಡಿ ದೀಪ ಸಾಕು. ಜಾಲರಿಯನ್ನು ಗರಗಸದ ಅಲಗಿನಿಂದ ಗೀಚಿ ಒರಟು ಮಾಡಬೇಕು. ನುಣುಪಾಗಿದ್ದರೆ ಪಾಚಿಗೆ ಹಿಡಿತ ಸಿಗದು. ಅದರ ಮೇಲೆ ತೆಳ್ಳಗೆ ನೀರು ಹರಿದಂತೆ ಹಸಿರು ಎಳೆಗಳು ದಟ್ಟವಾಗುತ್ತವೆ. ವಾರಕ್ಕೊಮ್ಮೆ ಕೆರೆದು ತೆಗೆದರೆ ಅವು ಹೀರಿದ ಕೊಳೆಯೂ ಆಚೆ. ಬಿಟ್ಟರೆ ಬುಡ ಕೊಳೆತು ಎಲ್ಲ ವಾಪಸು ನೀರಿಗೇ.

ಗಟ್ಟಿ ಹವಳದ ಆಸೆ ಮಾತ್ರ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ಅಡ್ಡ ನಿಂತಿದೆ. ಮೀನಿಗಾದರೂ 40 ಡಿಗ್ರಿ ದಾಟುವ ಇಲ್ಲಿನ ಮೇ ತಿಂಗಳಲ್ಲಿ ತೊಟ್ಟಿಗೊಂದು ಫ್ಯಾನು ಬೇಕೇ ಬೇಕು.