ಬ್ಲಫ್ ಎಂಬ ಊರು, ಫರ್ಲಾಂಗು ಎಂಬ ಸಾಲು

ಮಳವಳ್ಳಿ ತಾಲ್ಲೂಕಿನಲ್ಲಿ ‘ಬ್ಲಫ್’ ಎಂಬ ಹೆಸರಿನ ಊರೊಂದಿದೆ. ಅಲ್ಲಿಯವರು ‘ನಮ್ದು ಬ್ಲಫ್’ ಎಂದರೆ ಹೊಸಬರು ಮುಖ ಮುಖ ನೋಡುತ್ತಾರೆ. ಪೇಟೆಯ ಕನ್ನಡದಲ್ಲಿ ಬ್ಲಫ್ ಎಂದರೆ ರೈಲು ಬಿಡುವುದು ತಾನೆ! ಗಗನಚುಕ್ಕಿ ಜಲಪಾತದ ಮಗ್ಗುಲಲ್ಲಿ, ಕಾವೇರಿ ಕಣಿವೆಯ ಅಂಚಿನಲ್ಲಿ, ಶಿವನಸಮುದ್ರದ ವಿದ್ಯುತ್ ಕೇಂದ್ರದ ಆಸುಪಾಸು ಬೆಳೆದ ನೆಲೆ ಇದು. ಅದಕ್ಕೆ ಅಂಟಿದ ಹೆಸರು ನಾವಿಕರ ಹಳೆಯ ಇಂಗ್ಲಿಷು. ಮೂತಿ ಚೂಪಾಗಿರದೆ ಅಗಲವಾಗಿ ನೆಟ್ಟಗೆ ಎದ್ದ ಹಡಗನ್ನು 17ನೇ ಶತಮಾನದಲ್ಲಿ ಬ್ಲಫ್ ಎನ್ನುತ್ತಿದ್ದರು. ಆಮೇಲೆ ಅಂಥದೇ ಮುಖವಿರುವ ಕಡಿದಾದ ದಂಡೆಗೂ ಗುಡ್ಡಕ್ಕೂ ಆ ಹೆಸರು ಬಂತು. ಇಸ್ಪೀಟಿನ ಬ್ಲಫ್ ಬೇರೆ ವಂಶದ್ದು, ಡಚ್ಚರ ಜಂಬದ ಮಾತಿನಿಂದ ಹುಟ್ಟಿದ್ದು ಎನ್ನುತ್ತವೆ ನಿಘಂಟುಗಳು.

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರು ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿ ಮುಟ್ಟಿದಾಗ, ಅದು ಜಗತ್ತೇ ಬೆರಗಾಗುವಷ್ಟು ಹೊಸ ವಿದ್ಯೆ. ಅಲ್ಲಿನ ಕೆಲಸಗಾರರ ಬಾಯಲ್ಲಿ ಓಡಾಡಿದ ಪದಗಳು ಮಾತ್ರ ಇಂಗ್ಲೆಂಡಿನ ನೀರುಗಿರಣಿಗಳಲ್ಲಿ ಹಿಟ್ಟು ಮೆತ್ತಿಕೊಂಡು ಬೆಳೆದವು. ನೀರನ್ನು ಕೆಳಗಿಳಿಸುವ ದೈತ್ಯ ಕೊಳವೆ ‘ಪೆನ್‌ಸ್ಟಾಕ್’. ಅದರಲ್ಲಿನ ‘ಪೆನ್’ ಬರೆಯುವ ಪೆನ್ನಲ್ಲ, ನೀರು ತಡೆದು ನಿಲ್ಲಿಸುವ ಕಟ್ಟೆ. ಟರ್ಬೈನು ತಿರುಗಿಸಿದ ನೀರು ಹೊರಬೀಳುವ ಕಾಲುವೆ ‘ಟೇಲ್ ರೇಸ್’. ಈ ‘ರೇಸ್’ ಹಳೆಯ ನಾರ್ಸ್ ಭಾಷೆಯಲ್ಲಿ ಓಟಕ್ಕೂ ಹರಿವಿಗೂ ಸಲ್ಲುತ್ತಿದ್ದ ಪದ. ಮೈಸೂರಿನ ಕುದುರೆ ರೇಸಿಗೂ ಈ ಕಾಲುವೆಗೂ ಬೇರು ಒಂದೇ.

ಮಂಡ್ಯದ ಕಡೆ ದಾರಿ ಕೇಳಿದರೆ ‘ಇಲ್ಲೇ ಎರಡು ಫರ್ಲಾಂಗು ಕಣಣ್ಣ’ ಎನ್ನುವ ಹಿರಿಯರು ಈಗಲೂ ಸಿಗುತ್ತಾರೆ. ಮೆಟ್ರಿಕ್ ಅಳತೆಯ ಕಾಯ್ದೆ ಬಂದದ್ದು 1956ರಲ್ಲಿ. ಫರ್ಲಾಂಗು ಅದಕ್ಕೆ ಸೊಪ್ಪು ಹಾಕಲಿಲ್ಲ. ಇಂಗ್ಲೆಂಡಿನಲ್ಲಿ ಅದೀಗ ಹೆಚ್ಚಾಗಿ ಕುದುರೆ ಜೂಜಿನ ಮೈದಾನ ಸೇರಿಕೊಂಡಿದೆ. ಹಳೆಯ ಇಂಗ್ಲಿಷಿನ ‘ಫುರ್’ ಎಂದರೆ ನೇಗಿಲ ಸಾಲು, ‘ಲಾಂಗ್’ ಎಂದರೆ ಉದ್ದ. ಎತ್ತುಗಳು ದಣಿವಾರಿಸಿಕೊಳ್ಳುವ ಮುನ್ನ ಒಂದೇ ದಮ್ಮಿಗೆ ಉಳುವ ಸಾಲಿನ ಉದ್ದ ಅದು, 220 ಗಜ. ಎಕರೆಯೂ ಹೊಲದ ಮಾತೇ: ಜೋಡೆತ್ತು ಒಂದು ದಿನದಲ್ಲಿ ಉಳುವಷ್ಟು ನೆಲ. ಸಂಸ್ಕೃತದಲ್ಲಿ ಬಯಲಿಗಿರುವ ‘ಅಜ್ರ’ ಎಂಬ ಪದ ಇದರ ದೂರದ ದಾಯಾದಿ.

ಎಡ್ಮಂಡ್ ಗುಂಟರ್ ಎಂಬ ಇಂಗ್ಲಿಷ್ ಗಣಿತಜ್ಞ 1620ರಲ್ಲಿ ಭೂಮಿ ಅಳೆಯಲು 66 ಅಡಿಯ ಸರಪಳಿ ಮಾಡಿದ. ಫರ್ಲಾಂಗು ಉದ್ದ, ಒಂದು ಸರಪಳಿ ಅಗಲ ಇದ್ದರೆ ಸರಿಯಾಗಿ ಒಂದು ಎಕರೆ. ಅದರ 40ನೇ ಪಾಲಾದ ನಮ್ಮ ಗುಂಟೆ 33 ಅಡಿ ಚೌಕ, ಅಂದರೆ ಅರ್ಧ ಸರಪಳಿ. ಪ್ರಾಸ ಕೇಳಿ ಗುಂಟರನನ್ನು ಗುಂಟೆಯ ಅಪ್ಪ ಎಂದು ಮಾಡಿಬಿಡಬಾರದು. ಗುಂಟೆ ದೇಸಿ ಕೂಸು. ಪಹಣಿಯಲ್ಲಿ ಮಾತ್ರ ಎಕರೆ, ಗುಂಟೆ ಒಂದೇ ಸಾಲಿನಲ್ಲಿ ಕೂತಿರುತ್ತವೆ.

ಕನ್ನಂಬಾಡಿಯ ನೀರಿನ ಲೆಕ್ಕಕ್ಕೆ ಬಂದರೆ ಇನ್ನೊಂದು ಪಳೆಯುಳಿಕೆ. ಗರಿಷ್ಠ ಮಟ್ಟ 124.80 ಅಡಿ, ಸಂಗ್ರಹ 49.45 ಟಿಎಂಸಿ ಎಂದು ಮಂಡ್ಯದ ಹುಡುಗರೂ ಒಪ್ಪಿಸುತ್ತಾರೆ. ಟಿಎಂಸಿಯ ಮೊದಲೆರಡು ಅಕ್ಷರ ‘ಥೌಸಂಡ್ ಮಿಲಿಯನ್’. ಅಷ್ಟುದ್ದ ಏಕೆ, ‘ಬಿಲಿಯನ್’ ಎಂದರೆ ಸಾಲದೇ? ಆಗಿನ ಬ್ರಿಟಿಷರಿಗೆ ಬಿಲಿಯನ್ ಎಂದರೆ ಮಿಲಿಯನ್ನಿನ ಮಿಲಿಯನ್, ಒಂದು ಲಕ್ಷ ಕೋಟಿ! ಅಮೆರಿಕದ ಲೆಕ್ಕವನ್ನು ಬ್ರಿಟನ್ ಸರ್ಕಾರ ಅಧಿಕೃತವಾಗಿ ಒಪ್ಪಿದ್ದು 1974ರಲ್ಲಿ. ಅವರು ಹಳೆಯ ಎಣಿಕೆ ಬಿಟ್ಟರೂ ಕಾವೇರಿ ಗಲಾಟೆಯ ಪ್ರತಿ ಸುದ್ದಿಯಲ್ಲೂ ಅದು ಉಳಿದಿದೆ. ನಮ್ಮ ಬಾಯಿಲೆಕ್ಕದಲ್ಲಿ ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ.

ಇನ್ನು ಮದ್ದೂರು. 1917ರಲ್ಲಿ ರಾಮಚಂದ್ರ ಬುದ್ಯ ಅವರ ಕೈಯಲ್ಲಿ ರೈಲು ನಿಲ್ದಾಣದಲ್ಲಿ ವಡೆ ಹುಟ್ಟಿತೆಂಬ ಕಥೆಯನ್ನು ಊರು ಹೆಮ್ಮೆಯಿಂದ ಹೇಳುತ್ತದೆ. ಅದರ ಜೊತೆಗೇ ಬರುವ ಪದ ‘ಟಿಫನ್’. 18ನೇ ಶತಮಾನದ ಇಂಗ್ಲಿಷ್ ಬೀದಿಮಾತಿನಲ್ಲಿ ‘ಟಿಫಿಂಗ್’ ಎಂದರೆ ಊಟದ ಹೊತ್ತಲ್ಲದ ಹೊತ್ತಿನಲ್ಲಿ ಕುಡಿತ, ತಿನಿಸು. ಫ್ರಾನ್ಸಿಸ್ ಗ್ರೋಸ್ 1785ರ ತನ್ನ ಪೋಲಿಮಾತಿನ ನಿಘಂಟಿನಲ್ಲಿ ಇದನ್ನು ಸೇರಿಸಿದ್ದಾನೆ. ಕಂಪನಿ ಸಾಹೇಬರಿಗೆ ಅದು ಮಧ್ಯಾಹ್ನದ ಲಘು ಊಟವಾಯಿತು, ನಮಗೆ ಬೆಳಗಿನ ಇಡ್ಲಿ. ಹೆಂಡದ ವಾಸನೆಯ ಮಾತು ಇಷ್ಟು ಮಡಿವಂತವಾದದ್ದು ಈ ನೆಲದಲ್ಲೇ.

ಸಾಗಣೆ ಏಕಮುಖವೇನಲ್ಲ. ಮಂಡ್ಯದ ಆಲೆಮನೆಯ ಬೆಲ್ಲಕ್ಕೆ ಇಂಗ್ಲಿಷಿನವರು ‘ಜಾಗರಿ’ ಎಂದದ್ದು ಪೋರ್ಚುಗೀಸರ ಬಾಯಿಂದ ಕೇಳಿ. ಪೋರ್ಚುಗೀಸರಿಗೆ ಅದು ಸಿಕ್ಕಿದ್ದು ಮಲಬಾರಿನಲ್ಲಿ. ಮೂಲ ಸಂಸ್ಕೃತದ ಶರ್ಕರಾ. ಶುಗರ್ ಹೊರಟದ್ದೂ ಅಲ್ಲಿಂದಲೇ, ಅರಬ್ಬರ ದಾರಿ ಹಿಡಿದು. ತಮಿಳರ ಅಣೆಕಟ್ಟನ್ನು ಕಂಪನಿ ಎಂಜಿನಿಯರುಗಳು ‘ಆನಿಕಟ್’ ಮಾಡಿಕೊಂಡು ತಮ್ಮ ನಿಘಂಟಿಗೂ ಸೇರಿಸಿದರು. ತಮ್ಮೂರಿನ ಹೊಳೆಯಲ್ಲಿ ಅದೇ ಕಟ್ಟಡಕ್ಕೆ ಅವರು ಅನ್ನುವುದು ‘ವಿಯರ್’. ಆನಿಕಟ್ ಇರುವುದು ನಮ್ಮ ನೀರಾವರಿ ಇಲಾಖೆಯ ಕಡತಗಳಲ್ಲಿ: ವಿರಿಜಾ ಆನಿಕಟ್, ಬಂಗಾರದೊಡ್ಡಿ ಆನಿಕಟ್. ಗದ್ದೆಗೆ ನೀರು ತಿರುಗಿಸುವ ರೈತ ಎರಡಕ್ಕೂ ಕಟ್ಟೆ ಎಂದಷ್ಟೇ ಹೇಳಿ ಗುದ್ದಲಿ ಹೆಗಲಿಗೇರಿಸುತ್ತಾನೆ.