ತುಟಿಗೆ ಮುಂಚೆ ಮಾತು

ನಮ್ಮ ತಂದೆಯವರು ಬದುಕಿದ್ದಷ್ಟು ಕಾಲವೂ ಯೋಚಿಸಿಯೇ ಬಾಯಿ ತೆರೆಯುತ್ತಿದ್ದವರು. ಅಂಥವರು ಕಾಲವಾದ ಮೇಲೆ, ಬಾಯಿ ತೆರೆಯುವ ಮುಂಚೆಯೇ ಮಾತಾಡಿಬಿಡುವ ಪ್ರಸಂಗ ಬಂತು. ತಪ್ಪು ನನ್ನದು.

ತಂಗಿಯ ಮದುವೆ 2006ರಲ್ಲಿ ಹಿರಿಯೂರಿನಲ್ಲಿ ನಡೆಯಿತು. ಅದರ ಡಿವಿಡಿ ಹೊಸದುರ್ಗದಲ್ಲಿ ಅವಳ ಬೀರುವಿನಲ್ಲಿ, ರೇಷ್ಮೆ ಸೀರೆಗಳ ನಡುವೆ ಮಲಗಿತ್ತು. ತಂದೆಯವರ ಧ್ವನಿ ಉಳಿದಿರುವುದು ಅದೊಂದರಲ್ಲೇ. ಹೊಳಲ್ಕೆರೆಯಲ್ಲಿರುವ ಅಮ್ಮನಿಗೆ ಅದನ್ನು ನೋಡುವಾಸೆ. ಡಿವಿಡಿ ಯಂತ್ರವೋ ಎಂದೋ ಗುಜರಿ ಸೇರಿದೆ. ಪೆನ್‌ಡ್ರೈವಿಗೆ ಹಾಕಿಕೊಡುತ್ತೇನೆಂದು ತಟ್ಟೆಯನ್ನು ಚಿತ್ರದುರ್ಗಕ್ಕೆ ತಂದೆ. “ಕನ್ನಡ ಮೇಷ್ಟರಿಗೆ ಯಾಕೆ ಈ ಉಸಾಬರಿ?” ಎಂದಳು ಮನೆಯಾಕೆ. ಹಳಗನ್ನಡ ಬಿಡಿಸುವವನಿಗೆ ಇದೇನು ಮಹಾ ಎಂದು ನಾನು.

ಭಾನುವಾರ ಅಮ್ಮನ ಮುಂದೆ ಹಾಕಿದೆ. ಮೊದಲ ಕಾಲುಗಂಟೆ ಎಲ್ಲವೂ ನೆಟ್ಟಗಿತ್ತು. ಊಟದ ಮನೆಯ ದೃಶ್ಯ ಬರುವ ವೇಳೆಗೆ “ಸಾವಕಾಶವಾಗಿ ಊಟ ಮಾಡಿ” ಎಂಬ ಮಾತು ಕೇಳಿ ಮುಗಿದು, ಆಮೇಲೆ ತಂದೆಯವರ ತುಟಿ ಅಲುಗಿತು. ಅಮ್ಮ ಐದು ನಿಮಿಷ ನೋಡಿದಳು. “ಯಾರದೋ ಮಾತಿಗೆ ಇವರು ಬಾಯಾಡಿಸಿದ ಹಾಗಿದೆ. ನಿಲ್ಲಿಸಪ್ಪ” ಎಂದು ಎದ್ದು ಕಾಫಿಗೆ ಇಡಲು ಹೋದಳು.

ಸದ್ದು ಹಿಂದೆ ಬಿದ್ದಿದ್ದರೆ ಅಮ್ಮ ಸಹಿಸುತ್ತಿದ್ದಳೇನೋ. ಮಾರಿಕಣಿವೆಯ ಹಿನ್ನೀರಿನ ಆಚೆ ದಡದಲ್ಲಿ ಬಟ್ಟೆ ಒಗೆಯುವುದನ್ನು ನೋಡಿದವರು ಬಲ್ಲರು: ಬಟ್ಟೆ ಕಲ್ಲಿಗೆ ಬಿದ್ದು ಎಷ್ಟೋ ಹೊತ್ತಿಗೆ ಸದ್ದು ಬರುತ್ತದೆ. ಸೆಕೆಂಡಿಗೆ ಸುಮಾರು 340 ಮೀಟರು ಅದರ ನಡಿಗೆ. ತಡವಾಗಿ ಬರುವ ಸದ್ದನ್ನು ಕ್ಷಮಿಸುವುದು ನಮಗೆ ಹುಟ್ಟಿನಿಂದ ಬಂದ ಅಭ್ಯಾಸ. ಮುಂಚೆ ಬರುವ ಸದ್ದು ಪ್ರಕೃತಿಯಲ್ಲೇ ಇಲ್ಲ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಲೆಕ್ಕದಲ್ಲೂ ಸದ್ದು 125 ಮಿಲಿಸೆಕೆಂಡು ಹಿಂದಾದಾಗ ನೋಡುಗನಿಗೆ ತಿಳಿಯುತ್ತದೆ, ಮುಂದಾದರೆ 45ಕ್ಕೇ.

ಮೊದಲು ಇಡೀ ಸದ್ದನ್ನು ಒಂದೂಕಾಲು ಸೆಕೆಂಡು ಹಿಂದಕ್ಕೆ ತಳ್ಳಿದೆ. ಊಟದ ಮನೆ ಸರಿಹೋಯಿತು, ಮುಹೂರ್ತ ಕೆಟ್ಟಿತು. ಸದ್ದು ಕ್ರಮವಾಗಿ ಜಾರುತ್ತಿರಬೇಕೆಂದು ಊಹಿಸಿ ಅದನ್ನು ಎಳೆದು ಉದ್ದ ಮಾಡಿದೆ. ಆದಿಯೂ ಅಂತ್ಯವೂ ಕೂಡಿದವು. ನಡುವೆ ಪುರೋಹಿತರು ಮಾತ್ರ ಮುಚ್ಚಿದ ಬಾಯಲ್ಲಿ ಮಂತ್ರ ಹೇಳತೊಡಗಿದರು.

ಕೊನೆಗೆ ನನ್ನ ವಿದ್ಯಾರ್ಥಿಯೊಬ್ಬ ಗುರುವಾದ. ತಟ್ಟೆಯಲ್ಲಿ ಚಿತ್ರವೂ ಸದ್ದೂ ಸಣ್ಣ ಸಣ್ಣ ಕಟ್ಟುಗಳಾಗಿ ಹೆಣೆದಿರುತ್ತವೆಯಂತೆ. ಅವುಗಳ ಮೇಲೆ ಕಾಲದ ಗುರುತಿರುತ್ತದೆ. ನಮ್ಮ ತಟ್ಟೆಯಲ್ಲಿ ಒಂದು ತುಂಡಿಗೆ ಇನ್ನೊಂದನ್ನು ಸೇರಿಸಿದ ಕಡೆಗಳಲ್ಲಿ ಸದ್ದಿನಲ್ಲಿ ಸಣ್ಣ ಬಿಡುವುಗಳಿದ್ದವು. ನಾನು ಎರಡನ್ನೂ ಬೇರೆಬೇರೆ ಬಿಡಿಸಿ ಮತ್ತೆ ಕೂಡಿಸಿದಾಗ ಗುರುತುಗಳು ಅಳಿದು, ಬಿಡುವುಗಳು ಮುಚ್ಚಿಕೊಂಡು, ಸದ್ದು ಮೆಟ್ಟಿಲು ಮೆಟ್ಟಿಲಾಗಿ ಮುಂದಕ್ಕೆ ಹಾರಿತ್ತು. ಯತಿಗಳನ್ನೆಲ್ಲ ನುಂಗಿ ಪದ್ಯ ಓದಿದ ಹಾಗೆ! ಇದಕ್ಕಾಗಿ ಎಷ್ಟು ಹುಡುಗರನ್ನು ಗದರಿಸಿದ್ದೇನೋ. ಬಿಡಿಸದೆ, ವಿಒಬಿ ಕಡತಗಳನ್ನೆಲ್ಲ ಒಂದೇ ಸಾಲಾಗಿ, ಗುರುತುಗಳೊಂದಿಗೆ ಓದಿಸಿದೆವು. ಒಂದು ಕಡೆ ಬಿಟ್ಟು ಎಲ್ಲವೂ ಸರಿಯಾಯಿತು.

ಆ ಒಂದು ಕಡೆ, ಊಟದ ಮನೆಯಲ್ಲಿ, ತಟ್ಟೆಗೆ ಗೀರು ಬಿದ್ದು ಸದ್ದಿನ ಚೂರೊಂದು ಹೋಗಿತ್ತು. ಅಲ್ಲಿ ಕೈಯಿಂದಲೇ ಹೊಂದಿಸಬೇಕು. ಸಿನಿಮಾದವರು ಕ್ಯಾಮೆರಾದ ಮುಂದೆ ಹಲಗೆ ಬಡಿಯುವುದು ಇದಕ್ಕಾಗಿಯೇ: ಬಡಿತ ಕಾಣುವ ಚಿತ್ರಕ್ಕೆ ಬಡಿತದ ಸದ್ದನ್ನು ಕೂಡಿಸಲು. 1972ರ ‘ನಾಗರಹಾವು’ ನಮ್ಮ ಕೋಟೆಯಲ್ಲೇ ತಯಾರಾದದ್ದಾದರೂ ಮದುವೆಮನೆಯಲ್ಲಿ ಹಲಗೆ ಬಡಿಯಲು ಪುಟ್ಟಣ್ಣ ಕಣಗಾಲರು ಇರಲಿಲ್ಲ. ಪುಣ್ಯಕ್ಕೆ ಗೀರು ಬಿದ್ದ ಜಾಗದ ಬೆನ್ನಿಗೇ ಯಾವನೋ ಮಹಾನುಭಾವ ಸ್ಟೀಲು ತಟ್ಟೆಯೊಂದನ್ನು ನೆಲಕ್ಕೆ ಕೆಡವಿದ್ದಾನೆ. ಅಂದು ಅವನನ್ನು ಎಲ್ಲರೂ ತಿರುಗಿ ನೋಡಿದ್ದರು, ಈಗ ಕೈಮುಗಿಯಬೇಕೆನಿಸಿತು. ನಮ್ಮ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರ, ಒಂದೊಂದಕ್ಕೆ 40 ಮಿಲಿಸೆಕೆಂಡು. ತಟ್ಟೆ ನೆಲ ಮುಟ್ಟುವುದಕ್ಕೆ 8 ಚಿತ್ರ ಮುಂಚೆ ಸದ್ದು. ಗೀರಿನ ಜಾಗದಲ್ಲಿ 320 ಮಿಲಿಸೆಕೆಂಡು ಮೌನ ತುಂಬಿದೆವು.

ಮತ್ತೆ ಹೊಳಲ್ಕೆರೆಗೆ ಹೋದೆ. ತಟ್ಟೆ ಬಿದ್ದು ಠಣ್ಣೆಂದಿತು. ತಂದೆಯವರು ಪಂಕ್ತಿಯ ಕೊನೆಯಲ್ಲಿ ನಿಂತು, ಕೈಮುಗಿದು, “ಸಾವಕಾಶವಾಗಿ ಊಟ ಮಾಡಿ” ಎಂದರು.

“ಆ ಸಾಲಿಗೆ ಇನ್ನೂ ಪಾಯಸವೇ ಬಂದಿಲ್ಲ. ಅದನ್ನು ನೋಡಬಾರದೆ ನೀವು?” ಎಂದಳು ಅಮ್ಮ, ಪರದೆಯ ಕಡೆಗೆ.